ಜಗಲಿಯ ಮೇಲೆ ಮೊದಲ ಪಂದ್ಯ

ಉತ್ತರ ಕೋಲ್ಕತ್ತದ ಹಳೆಯ ಓಣಿಗಳಲ್ಲಿ ಅನೇಕ ಮನೆಗಳ ಮುಂದೆ ಬೀದಿಗೆ ಮುಖ ಮಾಡಿದ ಒಂದು ಕಟ್ಟೆ ಇರುತ್ತದೆ. ಬಂಗಾಳಿಯಲ್ಲಿ ಅದರ ಹೆಸರು ‘ರೋಕ್’. ಮಲೆನಾಡಿನ ಮನೆಯ ಜಗಲಿ ಮತ್ತು ಬಯಲುಸೀಮೆಯ ಅರಳಿಕಟ್ಟೆ ಮಾಡುವ ಕೆಲಸವನ್ನು ಅಲ್ಲಿ ಈ ರೋಕ್ ಒಂದೇ ಮಾಡುತ್ತದೆ. ಸಂಜೆಯಾದರೆ ಓಣಿಯ ಗಂಡಸರು ಅಲ್ಲಿ ಕೂಡುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಚಹಾ ಬರುತ್ತದೆ. ರಾಜಕೀಯ, ಸಿನಿಮಾ, ಮಗಳ ಮದುವೆ, ಮಾರುಕಟ್ಟೆಯ ಧಾರಣೆ ಎಲ್ಲವೂ ಚರ್ಚೆಗೆ ಬರುತ್ತವೆ. ಈ ಹರಟೆಗೆ ‘ಅಡ್ಡಾ’ ಎಂದು ಹೆಸರು. ಆದರೆ ವರ್ಷದಲ್ಲಿ ಕೆಲವು ವಾರ ಮಾತ್ರ ಬೇರೆ ಯಾವ ವಿಷಯಕ್ಕೂ ಅಲ್ಲಿ ಜಾಗವಿಲ್ಲ. ಅದು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎದುರುಬದುರಾಗುವ ವಾರ.

ಮೈದಾನದಲ್ಲಿ ಪಂದ್ಯ ನಡೆಯುವುದು ತೊಂಬತ್ತು ನಿಮಿಷ. ಜಗಲಿಯ ಮೇಲೆ ಅದು ಏಳು ದಿನ ಮೊದಲೇ ಶುರುವಾಗುತ್ತದೆ. ಕುಡಿದು ಮುಗಿಸಿದ ಕುಡಿಕೆಗಳೇ ಅಲ್ಲಿ ಆಟಗಾರರು. ನಾಲ್ಕು ಕುಡಿಕೆ ಸಾಲಾಗಿ ನಿಂತರೆ ರಕ್ಷಣಾ ಪಡೆ. ಬಿಸ್ಕತ್ತಿನ ಚೂರು ಚೆಂಡು.

“ಅವರ ಎಡಗಡೆಯವನು ಓಡಿ ಬಂದರೆ ಹಿಡಿಯುವವರು ಯಾರು? ಮೊದಲು ಅದು ಹೇಳಿ ದಾದಾ” ಎಂದು ಕಾಲೇಜು ಹುಡುಗ ಕೇಳುತ್ತಾನೆ.

“ಅವನನ್ನು ಯಾಕಪ್ಪಾ ಹಿಡಿಯಬೇಕು? ಅವನಿಗೆ ಚೆಂಡು ಕೊಡುವವನನ್ನು ಹಿಡಿ. ಬೇರು ಕಡಿದರೆ ಎಲೆ ತಾನಾಗಿ ಉದುರುತ್ತದೆ” ಎಂದು ನಿವೃತ್ತ ಗುಮಾಸ್ತರು ಒಂದು ಕುಡಿಕೆಯನ್ನು ಮುಂದೆ ಸರಿಸುತ್ತಾರೆ.

“ಇವನನ್ನು ಮುಂದೆ ಕಳಿಸಿದಿರಿ. ಈಗ ಹಿಂದೆ ಖಾಲಿ ಬಿತ್ತಲ್ಲ ಕಾಕು, ಅಲ್ಲಿಗೆ ಚೆಂಡು ಬಿದ್ದರೆ?”

ಕಾಕು ಎಂದರೆ ಚಿಕ್ಕಪ್ಪ. ಅವರು ತುಸು ಯೋಚಿಸಿ ಕುಡಿಕೆಯನ್ನು ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ವಾರವಿಡೀ ಕೋಲ್ಕತ್ತದ ಜಗಲಿಗಳಲ್ಲಿ, ಚಹಾದಂಗಡಿಗಳಲ್ಲಿ, ಲೋಕಲ್ ರೈಲುಗಳಲ್ಲಿ ನಡೆಯುವುದು ಇದೇ. ಇಲ್ಲಿ ವಯಸ್ಸಿಗೆ ಗೌರವವಿದೆ. ಆದರೆ ವಯಸ್ಸಿನ ಬಲದಿಂದ ವಾದ ಗೆಲ್ಲಲಾಗದು. ಹದಿನೈದರ ಹುಡುಗ ಸರಿಯಾದ ಪ್ರಶ್ನೆ ಕೇಳಿದರೆ ಅರವತ್ತರ ಹಿರಿಯರು ಉತ್ತರ ಕೊಡಲೇಬೇಕು.

ವಾದದಿಂದಲೇ ಹುಟ್ಟಿದ ತಂಡ

ಈ ಎರಡು ತಂಡಗಳಲ್ಲಿ ಹಿರಿಯದು ಮೋಹನ್ ಬಾಗಾನ್. 1889ರ ಆಗಸ್ಟ್ 15ರಂದು ಉತ್ತರ ಕೋಲ್ಕತ್ತದಲ್ಲಿ ಹುಟ್ಟಿತು. ಹಸಿರು ಮತ್ತು ಕಡುಗೆಂಪು ಅದರ ಬಣ್ಣ, ಹಾಯಿ ಬಿಚ್ಚಿದ ದೋಣಿ ಅದರ ಲಾಂಛನ. ಕೆಂಪು ಮತ್ತು ಹೊಂಬಣ್ಣದ ಅಂಗಿ, ಉರಿಯುವ ಪಂಜಿನ ಲಾಂಛನ ಈಸ್ಟ್ ಬೆಂಗಾಲಿನದು. ಅದು ಹುಟ್ಟಿದ ಕಥೆಯೇ ಸ್ವಾರಸ್ಯಕರ. 1920ರ ಜುಲೈನಲ್ಲಿ ಜೋಡಾಬಾಗಾನ್ ಎಂಬ ತಂಡ ಮೋಹನ್ ಬಾಗಾನ್ ವಿರುದ್ಧ ಆಡಬೇಕಿತ್ತು. ಪೂರ್ವ ಬಂಗಾಳ ಮೂಲದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ತಂಡದಿಂದ ಕೈಬಿಟ್ಟರು. ಜೋಡಾಬಾಗಾನಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಇದನ್ನು ಪ್ರಶ್ನಿಸಿದರು. ಅವರ ಮಾತು ನಡೆಯಲಿಲ್ಲ. ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಅವರೂ ಅವರ ಗೆಳೆಯರೂ ಸೇರಿ ಹೊಸ ತಂಡವನ್ನೇ ಕಟ್ಟಿದರು. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಎಂಬ ಜಗಳವೇ ಒಂದು ತಂಡದ ತೊಟ್ಟಿಲಾಯಿತು. ಅಲ್ಲಿಯ ಅಭಿಮಾನಿಗಳು ಇಂದಿಗೂ ಅದೇ ಜಗಳ ಆಡುತ್ತಿದ್ದರೆ ಆಶ್ಚರ್ಯವೇನು?

1925ರ ಮೇ 28ರಂದು ಕಲ್ಕತ್ತ ಲೀಗಿನಲ್ಲಿ ಎರಡೂ ತಂಡಗಳು ಮೊದಲ ಬಾರಿ ಮುಖಾಮುಖಿಯಾದವು. ಗೆದ್ದದ್ದು ಕಿರಿಯ ತಂಡ, ಒಂದು ಗೋಲಿನಿಂದ.

1947ರಲ್ಲಿ ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು. ದಕ್ಷಿಣ ಕೋಲ್ಕತ್ತದ ಜಾದವಪುರ, ಬಿಜಯಗಢದ ಕಡೆ ನಿರಾಶ್ರಿತರ ಕಾಲೊನಿಗಳೆದ್ದವು. ನೆಲ ಹೋಗಿತ್ತು, ಮನೆ ಹೋಗಿತ್ತು. ಊರಿನ ಹೆಸರು ಮಾತ್ರ ಒಂದು ಫುಟ್‌ಬಾಲ್ ತಂಡದಲ್ಲಿ ಉಳಿದಿತ್ತು. ಈಸ್ಟ್ ಬೆಂಗಾಲ್ ಗೆದ್ದ ದಿನ ಆ ಜನ ತಾವೇ ಗೆದ್ದಂತೆ ಕುಣಿದದ್ದರ ಅರ್ಥ ಇದು. ಅವರನ್ನು ಅಲ್ಲಿ ‘ಬಾಂಗಾಲ್’ ಎಂದೂ, ಪಶ್ಚಿಮ ಬಂಗಾಳದ ಮೂಲನಿವಾಸಿಗಳನ್ನು ‘ಘೋಟಿ’ ಎಂದೂ ಕರೆಯುತ್ತಾರೆ. ಬಾಂಗಾಲರಿಗೆ ಇಲಿಷ್ ಎಂಬ ಹಿಲ್ಸಾ ಮೀನು ಪ್ರಾಣ, ಘೋಟಿಗಳಿಗೆ ಸಿಗಡಿ. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಹಿಲ್ಸಾದ ಬೆಲೆ ಏರುತ್ತದೆ, ಮೋಹನ್ ಬಾಗಾನ್ ಗೆದ್ದರೆ ಸಿಗಡಿಯ ಬೆಲೆ ಎಂಬುದು ಗಡಿಯಾಹಾಟ್, ಮಾಣಿಕತಲಾ ಮಾರುಕಟ್ಟೆಗಳ ಹಳೆಯ ಮಾತು.

ಆದರೆ ಈ ಗೆರೆ ಅಷ್ಟು ನೇರವಾಗಿಲ್ಲ. ಮೈದಾನದ ಪಕ್ಕದ ರಸ್ತೆಗೆ ಗೋಷ್ಠ ಪಾಲ್ ಅವರ ಹೆಸರಿದೆ. ಬೂಟುಗಾಲಿನ ಬ್ರಿಟಿಷರನ್ನು ಬರಿಗಾಲಿನಲ್ಲಿ ತಡೆದು ‘ಚೀನಾದ ಗೋಡೆ’ ಎನಿಸಿಕೊಂಡ ಮೋಹನ್ ಬಾಗಾನಿನ ರಕ್ಷಣಾ ಆಟಗಾರ ಅವರು. 1962ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಹುಟ್ಟಿದ್ದು ಪೂರ್ವ ಬಂಗಾಳದ ಫರೀದ್‌ಪುರದ ಕಡೆ! 1962ರ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ತಂದ ತಂಡದ ನಾಯಕ ಚುನಿ ಗೋಸ್ವಾಮಿ ಜೀವನವಿಡೀ ಮೋಹನ್ ಬಾಗಾನ್ ಬಿಟ್ಟು ಕದಲಲಿಲ್ಲ. ಅವರ ಹುಟ್ಟೂರು ಕಿಶೋರ್‌ಗಂಜ್, ಅದೂ ಪೂರ್ವ ಬಂಗಾಳವೇ. ಜಗಲಿಯಲ್ಲಿ ಯಾರಾದರೂ ರಕ್ತ, ಮೂಲ ಎಂದು ಏರುದನಿ ತೆಗೆದರೆ ಎದುರಿನವರು ಈ ಎರಡು ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ.

ಮಳೆಯ ಲೆಕ್ಕಾಚಾರ

ತಂತ್ರದ ಮಾತು ಇಲ್ಲಿ ನಿನ್ನೆ ಮೊನ್ನೆಯದಲ್ಲ. ಕಲ್ಕತ್ತ ಲೀಗ್ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ಆಗಿನ ಭಾರತೀಯ ಆಟಗಾರರು ಬರಿಗಾಲಿನವರು, ಬ್ರಿಟಿಷ್ ಸೈನಿಕರ ತಂಡಗಳಿಗೆ ಬೂಟು. ನೆಲ ಒಣಗಿದ್ದರೆ ಬರಿಗಾಲಿನ ಆಟಗಾರನ ವೇಗಕ್ಕೆ, ಕಾಲ್ಚಳಕಕ್ಕೆ ಸಾಟಿಯಿಲ್ಲ. ಕೆಸರಾದರೆ ಬೂಟಿನದೇ ರಾಜ್ಯ. ಹಾಗಾಗಿ ಪಂದ್ಯದ ದಿನ ಬೆಳಿಗ್ಗೆ ಅಭಿಮಾನಿಗಳು ಮೊದಲು ನೋಡುತ್ತಿದ್ದದ್ದು ಆಕಾಶವನ್ನು.

1911ರ ಜುಲೈ 29ರಂದು ಐಎಫ್ಎ ಷೀಲ್ಡ್ ಫೈನಲ್. ಮೋಹನ್ ಬಾಗಾನ್ ಎದುರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್. ಬಾಗಾನಿನ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ. ದೂರದೂರದಿಂದ ಜನ ಹರಿದುಬಂದಿದ್ದರು. ಒಳಗೆ ಕಾಲಿಡಲು ಜಾಗವಿಲ್ಲದೆ ಹೊರಗೆ ನಿಂತವರಿಗೆ ಗಾಳಿಪಟ ಹಾರಿಸಿ ಗೋಲಿನ ಲೆಕ್ಕ ತಿಳಿಸಿದರು. ಮೊದಲು ಗೋಲು ಬಿಟ್ಟುಕೊಟ್ಟ ಬಾಗಾನ್, ಶಿಬದಾಸ್ ಭಾದುರಿ ಮತ್ತು ಅಭಿಲಾಷ್ ಘೋಷ್ ಅವರ ಗೋಲುಗಳಿಂದ 2-1ರಲ್ಲಿ ಗೆದ್ದಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಬಹುದು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಆ ಹನ್ನೊಂದು ಮಂದಿ ಬಂಗಾಳಿಗರಿಗೆ ‘ಅಮರ ಏಕಾದಶ’. ಜುಲೈ 29 ಇಂದಿಗೂ ಮೋಹನ್ ಬಾಗಾನ್ ದಿನ.

ಬೂಟಿನ ಚರ್ಚೆ ಮುಗಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಅದರಲ್ಲಿ ಬೆಂಗಳೂರಿನ ಹುಡುಗನೊಬ್ಬನ ಪಾತ್ರವೂ ಇದೆ. ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅವರು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆಹ್ ಈ ಐವರಿಗೆ ಕೋಲ್ಕತ್ತ ಇಟ್ಟ ಹೆಸರು ‘ಪಂಚಪಾಂಡವರು’. ಐವರೂ ದಕ್ಷಿಣ ಭಾರತದವರು. ಇವರ ಬಲದಿಂದ ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ವರ್ಷ ಐಎಫ್ಎ ಷೀಲ್ಡ್ ಗೆದ್ದಿತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದ ಅಹ್ಮದ್ ಖಾನರನ್ನು ‘ಹಾವಾಡಿಗ’ ಎಂದು ಕರೆಯುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಚಳಿಯಲ್ಲಿ ಭಾರತ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ನಂತರವೇ ಭಾರತದಲ್ಲಿ ಬೂಟು ಕಡ್ಡಾಯವಾಯಿತು. 2017ರಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನಷ್ಟೇ ಕೋಲ್ಕತ್ತವೂ ಅವರನ್ನು ನೆನೆಯಿತು.

‘ಡೈಮಂಡ್’ ಒಡೆದ ದಿನ

ಜಗಲಿಯಲ್ಲಿ ಇಂದಿಗೂ ಬಿಸಿ ಆರದ ವಾದವೆಂದರೆ 1997ರದು. ಆ ವರ್ಷದ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್. ಮೋಹನ್ ಬಾಗಾನಿನ ತರಬೇತುದಾರರು ಅಮಲ್ ದತ್ತ. ಇಂಗ್ಲೆಂಡಿಗೆ ಹೋಗಿ ತರಬೇತಿಯ ವಿದ್ಯೆ ಕಲಿತು ಬಂದವರು, ಸದಾ ಹೊಸದನ್ನು ಪ್ರಯೋಗಿಸುವ ಹಟಮಾರಿ. ಈಸ್ಟ್ ಬೆಂಗಾಲಿನ ಚುಕ್ಕಾಣಿ ಹಿಡಿದಿದ್ದವರು 1960ರ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರಾಗಿದ್ದ ಪಿ.ಕೆ. ಬ್ಯಾನರ್ಜಿ. ಮಾತಿನಿಂದಲೇ ಆಟಗಾರರಲ್ಲಿ ಕಿಚ್ಚು ಹಚ್ಚುವ ಅವರ ಕಲೆಗೆ ಪತ್ರಿಕೆಗಳು ‘ವೋಕಲ್ ಟಾನಿಕ್’ ಎಂದು ಹೆಸರಿಟ್ಟಿದ್ದವು.

ಅಮಲ್ ದತ್ತ ಆ ಋತುವಿನಲ್ಲಿ ‘ಡೈಮಂಡ್’ ಎಂಬ ವ್ಯೂಹ ಹೂಡಿದ್ದರು. ವಜ್ರದ ಹರಳಿನ ಆಕಾರದಲ್ಲಿ ಆಟಗಾರರು ನಿಲ್ಲುತ್ತಾರೆ; ಒಬ್ಬರಿಂದೊಬ್ಬರಿಗೆ ಚೆಂಡು ದಾಟುತ್ತ ಅಲೆಯಲೆಯಾಗಿ ಮುನ್ನುಗ್ಗುತ್ತಾರೆ. ಹಿಂದಿನ ಪಂದ್ಯದಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ತಂಡವನ್ನು ಬಾಗಾನ್ 6-0ಯಿಂದ ಮಣಿಸಿತ್ತು. ಕೋಲ್ಕತ್ತದ ಬೀದಿಬೀದಿಯಲ್ಲೂ ಡೈಮಂಡಿನದೇ ಮಾತು. ಶಾಲೆಯ ಹುಡುಗರು ಪಟ್ಟಿಪುಸ್ತಕದ ಹಿಂದಿನ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆಯುತ್ತಿದ್ದ ಕಾಲ ಅದು. ಈ ವ್ಯೂಹ ಮುರಿಯುವುದು ಹೇಗೆ? ಮುನ್ನುಗ್ಗುವವರ ಬೆನ್ನ ಹಿಂದೆ ಉಳಿಯುವ ಖಾಲಿ ಜಾಗವೇ ಅದರ ಮರ್ಮ ಎಂದು ಈಸ್ಟ್ ಬೆಂಗಾಲಿನವರು ವಾದಿಸುತ್ತಿದ್ದರು.

ಅಮಲ್ ದತ್ತ ಎದುರಾಳಿ ಆಟಗಾರರನ್ನು ಬಹಿರಂಗವಾಗಿಯೇ ಗೇಲಿ ಮಾಡಿದರು. ಭೈಚುಂಗ್ ಭುಟಿಯಾ ಅವರನ್ನು ‘ಚುಂಗ್ ಚುಂಗ್’ ಎಂದರು, ಒಮೋಲೋ ಎಂಬ ಆಟಗಾರನನ್ನು ‘ಆಮ್ಲೆಟ್’ ಮಾಡಿದರು. ಪಿ.ಕೆ. ಮರುಮಾತಾಡಲಿಲ್ಲ. ಗೇಲಿಯನ್ನೇ ತಮ್ಮ ಹುಡುಗರಿಗೆ ಟಾನಿಕ್ ಮಾಡಿ ಕುಡಿಸಿದರು.

ಅಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸೇರಿದವರ ಲೆಕ್ಕ 1,31,781. ಭಾರತದಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಸೇರಿದ ದಾಖಲೆ ಅದು. ನಾಜಿಮುಲ್ ಹಕ್ ಮೊದಲ ಗೋಲು ಹೊಡೆದರು. ಮೋಹನ್ ಬಾಗಾನಿನ ಚೀಮಾ ಒಕೋರಿ ಒಂದು ಗೋಲು ಮರಳಿಸಿದರು. ಉಳಿದದ್ದೆಲ್ಲ ಸಿಕ್ಕಿಂನಿಂದ ಬಂದ ಇಪ್ಪತ್ತರ ಹುಡುಗ ಭೈಚುಂಗ್‌ನದು. ಅವರ ಹ್ಯಾಟ್ರಿಕ್ಕಿನಿಂದ ಈಸ್ಟ್ ಬೆಂಗಾಲ್ 4-1ರಲ್ಲಿ ಗೆದ್ದಿತು.

ಸೋತದ್ದು ಡೈಮಂಡೋ, ಅಥವಾ ಡೈಮಂಡಿನ ಬಗ್ಗೆ ಆಡಿದ ಮಾತೋ? ತಂತ್ರ ತಪ್ಪಾಗಿರಲಿಲ್ಲ, ಎದುರಾಳಿಯನ್ನು ಕೆಣಕಿದ್ದೇ ತಪ್ಪು ಎನ್ನುವವರು ಒಂದು ಕಡೆ. ಹಿಂದೆ ಕಾಯುವವರಿಲ್ಲದೆ ಮುಂದೆ ನುಗ್ಗುವುದು ಎಂದಿಗೂ ತಪ್ಪೇ ಎನ್ನುವವರು ಇನ್ನೊಂದು ಕಡೆ. ಅಮಲ್ ದತ್ತ 2016ರಲ್ಲಿ ತೀರಿಕೊಂಡರು, ಪಿ.ಕೆ. 2020ರಲ್ಲಿ. ಮೇಷ್ಟ್ರುಗಳಿಬ್ಬರೂ ಹೋದರು, ವಾದ ಮಾತ್ರ ಜಗಲಿಯ ಮೇಲೆ ಹಾಗೇ ಕೂತಿದೆ.

ವಾದ ಎಲ್ಲಿ ನಿಲ್ಲಬೇಕು?

ಈ ಪ್ರೀತಿಗೆ ಕರಾಳ ಮುಖವೂ ಇದೆ. 1975ರ ಸೆಪ್ಟೆಂಬರ್ 30ರಂದು ಷೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ 5-0ಯಿಂದ ಸೋತಿತು. ಆ ಸೋಲು ತಾಳಲಾರದೆ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. ಮುಂದಿನ ಪಂದ್ಯ, ಮುಂದಿನ ವರ್ಷ, ಮುಂದಿನ ಗೆಲುವು ಎಲ್ಲವೂ ಬಂದವು. ನೋಡಲು ಆ ಹುಡುಗನಿರಲಿಲ್ಲ.

1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಲೀಗ್ ಪಂದ್ಯ. ಎರಡೂ ಕಡೆಯ ಅಭಿಮಾನಿಗಳು ಒಂದೇ ಗ್ಯಾಲರಿಯಲ್ಲಿ ಬೆರೆತು ಕುಳಿತಿದ್ದರು. ಮೈದಾನದಲ್ಲಿ ಆಟಗಾರರ ನಡುವೆ ಕಾವೇರಿತು, ಇಬ್ಬರನ್ನು ಹೊರಗೆ ಕಳಿಸಲಾಯಿತು. ಗ್ಯಾಲರಿಯಲ್ಲಿ ಕಲ್ಲು, ಇಟ್ಟಿಗೆ ತೂರಾಡಿದವು. ಹೆದರಿದ ಜನ ಹೊರಗೋಡುವ ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಬೆಳಿಗ್ಗೆ ಅಮ್ಮನಿಗೆ ‘ಆಟ ನೋಡಿ ಬರ್ತೀನಿ’ ಎಂದು ಹೇಳಿ ಹೋದವರು ಮರಳಲಿಲ್ಲ. ಅಂದಿನಿಂದ ಆಗಸ್ಟ್ 16 ಕೋಲ್ಕತ್ತದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ. ಅಂದು ರಕ್ತದಾನ ಶಿಬಿರಗಳು ನಡೆಯುತ್ತವೆ. ಸುರಿದ ರಕ್ತಕ್ಕೆ ಒಂದು ನಗರ ಕಂಡುಕೊಂಡ ಪ್ರಾಯಶ್ಚಿತ್ತ ಅದು.

ಜಗಲಿಯ ಹಿರಿಯರು ಹುಡುಗರಿಗೆ ಈ ಕಥೆಯನ್ನೂ ಹೇಳುತ್ತಾರೆ. ಕಟ್ಟೆಯ ಮೇಲೆ ಎದುರು ಪಕ್ಷದವನ ಮುಖ ಕಾಣುತ್ತದೆ. ಅವನು ಪಕ್ಕದ ಮನೆಯ ಮಗ, ಅವನ ತಾಯಿ ನಿಮಗೂ ಪಾಯಸ ಕೊಟ್ಟವಳು. ಗುಂಪಿನಲ್ಲಿ ಮುಖ ಕಾಣುವುದಿಲ್ಲ, ಅಂಗಿಯ ಬಣ್ಣ ಮಾತ್ರ ಕಾಣುತ್ತದೆ. ಇದನ್ನು ಚೆನ್ನಾಗಿ ಬಲ್ಲವರಲ್ಲಿ ಸಂಗೀತಗಾರರೂ ಇದ್ದರು. ಸಚಿನ್ ದೇವ್ ಬರ್ಮನ್ ಈಸ್ಟ್ ಬೆಂಗಾಲಿನ ಕಟ್ಟಾಳು, ಮನ್ನಾ ಡೇ ಮೋಹನ್ ಬಾಗಾನಿನವರು. ಮುಂಬೈಯಲ್ಲಿದ್ದರೂ ಫುಟ್‌ಬಾಲ್ ವಿಷಯದಲ್ಲಿ ಇಬ್ಬರಿಗೂ ಹೊಂದುತ್ತಿರಲಿಲ್ಲ; ಹಾಡಿನ ವಿಷಯದಲ್ಲಿ ಒಬ್ಬರನ್ನೊಬ್ಬರು ಬಿಡಲಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಮನ್ನಾ ಡೇ 2013ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು.

ನೋಡಬೇಕಾದ ಜಾಗಗಳು

ಕೋಲ್ಕತ್ತಕ್ಕೆ ಹೋದ ವಿದ್ಯಾರ್ಥಿಗಳು ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ ನೋಡಿ ಮರಳುವುದು ರೂಢಿ. ಎಸ್‌ಪ್ಲನೇಡಿನಲ್ಲಿಳಿದು ನಡೆದರೆ ಸೇನೆಯ ಒಡೆತನದಲ್ಲಿರುವ ವಿಶಾಲ ಹುಲ್ಲುಗಾವಲು ಸಿಗುತ್ತದೆ. ಅದೇ ಮೈದಾನ್. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಜೊತೆಗೆ 1934ರಿಂದ 1938ರವರೆಗೆ ಸತತ ಐದು ಬಾರಿ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಮೂರೂ ತಂಡಗಳ ಅಂಗಳಗಳು ಇಲ್ಲೇ ಇವೆ. ಕ್ಲಬ್ಬಿನ ಕಟ್ಟಡಗಳಿಗೆ ಇಲ್ಲಿ ‘ಟೆಂಟ್’ ಎಂದೇ ಹೆಸರು. ಹೊರಗೆ ಝಾಲ್‌ಮುಡಿ, ಘುಗ್ನಿ, ನಿಂಬೆ ಚಹಾ ಮಾರುವವರಿದ್ದಾರೆ. ಅವರೊಡನೆ ಎರಡು ಮಾತಾಡಿದರೆ ನಾಳೆಯ ತಂಡದ ಪಟ್ಟಿ ಕಾರಣಸಮೇತ ಸಿಗುತ್ತದೆ.

ದೊಡ್ಡ ಪಂದ್ಯಗಳು ನಡೆಯುವುದು ನಗರದ ಪೂರ್ವಕ್ಕೆ, 1984ರಲ್ಲಿ ತೆರೆದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ. ವಿವೇಕಾನಂದ ಯುವ ಭಾರತಿ ಕ್ರೀಡಾಂಗಣ ಎಂಬುದು ಅದರ ಪೂರ್ಣ ಹೆಸರು. ಹತ್ತಿರದಲ್ಲೇ ಅದರ ಹೆಸರಿನ ಮೆಟ್ರೊ ನಿಲ್ದಾಣವಿದೆ. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಫೈನಲ್‌ಗೆ ಮುನ್ನ ನವೀಕರಿಸಿದಾಗ ಕುರ್ಚಿಗಳು ಬಂದವು, ಜನಸಂಖ್ಯೆ ಇಳಿಯಿತು. ಈಗ ಎರಡು ಕಡೆಯವರಿಗೂ ಬೇರೆಬೇರೆ ದ್ವಾರ, ಬೇರೆಬೇರೆ ಗ್ಯಾಲರಿ. 1980ರ ಪಾಠ ಅದು.

ವಾದ ಬೆಂಗಳೂರಿಗೂ ಒಮ್ಮೆ ಬಂದಿತ್ತು. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕೊನೆಯ ಪಂದ್ಯ. ಬೆಂಗಳೂರು ಎಫ್‌ಸಿ ಗೆಲ್ಲಲೇಬೇಕು, ಮೋಹನ್ ಬಾಗಾನಿಗೆ ಡ್ರಾ ಸಾಕು. ಡ್ರಾ ಸಾಕೆಂದು ಹಿಂದೆ ಕುಳಿತು ಕಾಯಬೇಕೇ, ಅಥವಾ ಅದನ್ನು ಮರೆತು ಆಡಬೇಕೇ? ಕೋಲ್ಕತ್ತದಿಂದ ಬಂದ ಅಭಿಮಾನಿಗಳಿಗೆ ತಲೆನೋವಾಗಿದ್ದದ್ದು ಇದೇ ಪ್ರಶ್ನೆ. ಮೊದಲು ಗೋಲು ಹೊಡೆದದ್ದು ಬೆಂಗಳೂರು. ಇನ್ನೇನು ಪ್ರಶಸ್ತಿ ಇಲ್ಲೇ ಉಳಿಯಿತು ಎನ್ನುವಾಗ, ಮುಗಿಯಲು ಕೆಲವೇ ನಿಮಿಷವಿರುವಾಗ, ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡು ಒಳಹೊಗಿಸಿದರು. 1-1. ಗೋಲು ಹೊಡೆದವರು ರಕ್ಷಣಾ ಆಟಗಾರ ಎಂಬುದು ಗಮನಿಸಬೇಕಾದ ಮಾತು. ಹಿಂದೆ ಕಾಯಬೇಕಾದವನೇ ಮುಂದೆ ಬಂದಿದ್ದ!

2024ರ ಆಗಸ್ಟ್ ತಿಂಗಳು ಈ ಪೈಪೋಟಿಯ ಇನ್ನೊಂದು ಮುಖ ತೋರಿಸಿತು. ನಗರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾಗಿತ್ತು. ನಗರ ಬೀದಿಗಿಳಿದಿತ್ತು. 18ರಂದು ನಡೆಯಬೇಕಿದ್ದ ಡುರಾಂಡ್ ಕಪ್ ಡರ್ಬಿ ಭದ್ರತೆಯ ಕಾರಣಕ್ಕೆ ರದ್ದಾಯಿತು. ಪಂದ್ಯವಿಲ್ಲದ ಆ ಸಂಜೆ ಎರಡೂ ತಂಡಗಳ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ಮೊಹಮ್ಮಡನ್ ಸ್ಪೋರ್ಟಿಂಗಿನವರೂ ಬಂದರು. ಎಲ್ಲರ ಬಾಯಲ್ಲೂ ನ್ಯಾಯದ ಒಂದೇ ಬೇಡಿಕೆ. ಹಸಿರು-ಕಡುಗೆಂಪು ಅಂಗಿಯವನೊಬ್ಬ ಕೆಂಪು-ಹೊಂಬಣ್ಣದವನನ್ನು ಹೆಗಲ ಮೇಲೆ ಹೊತ್ತು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನೂರು ವರ್ಷ ವಾದ ಮಾಡಿದವರಿಗೆ ಒಬ್ಬರನ್ನೊಬ್ಬರು ಚೆನ್ನಾಗಿ ಗೊತ್ತಿರುತ್ತದೆ. ಹೆಗಲು ಕೊಡುವ ಹೊತ್ತಿಗೆ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಅಗತ್ಯ ಅವರಿಗೆ ಬೀಳಲಿಲ್ಲ.